ಹೊಟ್ಟೆಕಿಚ್ಚಿಗೆ ಒಂದು ಬಾಟಲಿ ನೀರು

ಹೋದ ವರ್ಷ ಜೂನ್ ತಿಂಗಳಲ್ಲಿ ಧಾರವಾಡದ ಮಾಳಮಡ್ಡಿಯ ಒಂದು ಶಿಶುವಿಹಾರದಲ್ಲಿ ನನಗೆ ಕೆಲಸ ಸಿಕ್ಕಿತು. ನನಗೆ ಸಿಕ್ಕಿತು ಅನ್ನುವುದಕ್ಕಿಂತ ನನ್ನ ಬಾಯಿಗೆ ಸಿಕ್ಕಿತು ಅನ್ನಬೇಕು. ಯಾಕಂದರೆ ನಾನು ಮಿಮಿಕ್ರಿ ಮಾಡುವವ. ಕುಕ್ಕರಿನ ಸೀಟಿ, ಗಣಪತಿ ಪೆಂಡಾಲಿನ ಕೆಟ್ಟ ಮೈಕು, ಹುಬ್ಬಳ್ಳಿ-ಧಾರವಾಡ ಬಸ್ಸಿನ ಕಂಡಕ್ಟರು, ಬೆಳಿಗ್ಗೆ ಬಚ್ಚಲಲ್ಲಿ ಗಂಟಲು ತೊಳೆಯುವ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ನನ್ನ ಗೊರಕೆಯನ್ನು ತಂಗಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು, ಅದನ್ನೂ ಕಲಿತು ಮನೆಯವರಿಗೆ ಮಾಡಿ ತೋರಿಸಿದೆ. "ನಿನ್ನ ಖರೇ ಆವಾಜ್ ಯಾವದೋ ಮಂಜ್ಯಾ?" ಅಂತ ಅವ್ವ ಒಮ್ಮೆ ಕೇಳಿದಳು. ಅದೇ ಪ್ರಶ್ನೆಯನ್ನು ಅವ್ವನ ಧ್ವನಿಯಲ್ಲೇ ಅವಳಿಗೆ ತಿರುಗಿ ಕೇಳಿ ಬೈಸಿಕೊಂಡೆ.

ಆ ಶಿಶುವಿಹಾರದ ಗ್ಯಾದರಿಂಗ್‌ನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ನನ್ನ ಕಾರ್ಯಕ್ರಮ ಇತ್ತು. ಅದನ್ನು ನೋಡಿದ ದೊಡ್ಡಕ್ಕೋರು ನನ್ನನ್ನು ಕರೆದರು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅಂತೀವಿ, ಹೆಡ್ಮಾಸ್ತರರಾದರೆ ದೊಡ್ಡಕ್ಕೋರು. "ಜೂನ್‌ದಾಗ ಹೊಸಾ ಹುಡುಗೂರು ಭಾಳ ಅಳ್ತಾವಪಾ. ಬಂದು ನಗಸ್ತೀಯೇನು?" ಅಂದರು. ನಗಿಸುವುದು ಅಂದರೆ ನನಗೆ ಕೇಳಬೇಕೆ? ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಮನೆಯಿಂದ ದಿನಾ ಬಸ್ಸು ಹತ್ತಿ ಹೋಗತೊಡಗಿದೆ.

ಜೂನ್ ತಿಂಗಳ ಶಿಶುವಿಹಾರವನ್ನು ನೋಡದವರಿಗೆ ಹೇಳುತ್ತೇನೆ. ಗೇಟಿನಲ್ಲಿ ತಾಯಂದಿರು ಕಣ್ಣು ಒರೆಸಿಕೊಳ್ಳುತ್ತ ನಿಂತಿರುತ್ತಾರೆ. ಒಳಗೆ ಒಂದು ಕೂಸು ಅಳಲು ಶುರು ಮಾಡಿದರೆ ಉಳಿದವು ರಾಗ ಹಿಡಿಯುತ್ತವೆ. ನಾನು ನಡುವೆ ನಿಂತು ಕುಕ್ಕರಿನ ಸೀಟಿ ಊದಿದೆ. ಅಳು ನಿಂತಿತು. ಆಡಿನ ಮರಿಯಂತೆ ಕೂಗಿದೆ. ನಗು ಬಂತು. ಮೊದಲ ವಾರ ನಾನೇ ಹೀರೋ. ಮಕ್ಕಳು ನನಗೆ "ಆವಾಜ್ ಸರ್" ಅಂತ ಹೆಸರಿಟ್ಟರು. ಬಸ್ಸಿನಲ್ಲಿ ಎದೆ ಉಬ್ಬಿಸಿಕೊಂಡು ಮನೆಗೆ ಬರುತ್ತಿದ್ದೆ.

ಆದರೆ ಎರಡನೇ ವಾರದಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಕ್ಕಳು ನಗುವವರೆಗೆ ನನ್ನ ಹತ್ತಿರ ಇರುತ್ತಿದ್ದವು. ನಕ್ಕಾದ ಮೇಲೆ ಸೀದಾ ಹೋಗಿ ಕಸ್ತೂರಿ ಅಕ್ಕೋರ ತೊಡೆಯ ಮೇಲೆ ಕೂರುತ್ತಿದ್ದವು.

ಈ ಕಸ್ತೂರಿ ಅಕ್ಕೋರು ಮಾಳಮಡ್ಡಿಯವರೇ. ನಮ್ಮವ್ವನ ವಯಸ್ಸು. ಅವರ ಧ್ವನಿ ಎಷ್ಟು ಮೆತ್ತಗೆ ಅಂದರೆ ಫ್ಯಾನು ಹಾಕಿದರೆ ಕೇಳಿಸುವುದಿಲ್ಲ. ಹಾಡು ಬರುವುದಿಲ್ಲ, ಕುಣಿತ ಬರುವುದಿಲ್ಲ. ಸುಮ್ಮನೆ ಕೂರುತ್ತಾರೆ, ಅಷ್ಟೇ. ಒಂದು ದಿನ ಸಿದ್ದು ಅನ್ನುವ ಹುಡುಗ ನನ್ನ ಆಡಿನ ಕೂಗಿಗೆ ನಕ್ಕು ನಕ್ಕು ಓಡಿ, ಮುಗ್ಗರಿಸಿ ಮೊಣಕಾಲು ತರಚಿಕೊಂಡ. ಇದು ನನ್ನ ಕೇಸು ಅಂತ ಆಂಬುಲೆನ್ಸಿನ ಸೈರನ್ ಊದುತ್ತ ಓಡಿದೆ. ಅವನು ನನ್ನ ಕೈ ತಳ್ಳಿದ.

"ನೀವ್ ಬ್ಯಾಡ್ರಿ. ಅಕ್ಕೋರು ಬೇಕು."

ಅಕ್ಕೋರು ಬಂದು, "ಬಿದ್ದಿ. ನೋವಾಗೇದ, ಹೌದಲ್ಲ?" ಅಂದರು. "ಹೂನ್ರಿ" ಅಂದ. ಮುಗಿಯಿತು! ನಾನು ಸೈರನ್ ಅರ್ಧಕ್ಕೆ ನುಂಗಿಕೊಂಡು ನಿಂತಿದ್ದೆ. ಅವತ್ತು ಗೊತ್ತಾಯಿತು, ಈ ಮಕ್ಕಳಿಗೆ ನಾನು ಉಪ್ಪಿನಕಾಯಿ, ಅಕ್ಕೋರು ಅನ್ನ. ನನ್ನ ಹೊಟ್ಟೆಯೊಳಗೆ ಏನೋ ಹೊಗೆಯಾಡಿತು.

ಅಕ್ಕೋರದು ಇನ್ನೊಂದು ಪದ್ಧತಿ ಇತ್ತು. ಅದಕ್ಕೆ 'ಹೊಟ್ಟಿ ಮಾತು' ಅಂತ ಹೆಸರು. ದಿನಾ ಬೆಳಿಗ್ಗೆ ಮಕ್ಕಳನ್ನು ದುಂಡಗೆ ಕೂರಿಸುವರು. ಪಾಳಿ ಬಂದವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಬೇಕು. "ಇವತ್ತ ನಿನ್ನ ಹೊಟ್ಟ್ಯಾಗ ಏನದ?" ಅಂತ ಅಕ್ಕೋರು ಕೇಳುವರು. ಹೊಸ ಮಕ್ಕಳು "ಉಪ್ಪಿಟ್ಟು" ಅನ್ನುತ್ತಿದ್ದವು. ಸ್ವಲ್ಪ ದಿನಕ್ಕೆ "ಅಂಜಿಕಿ" ಅನ್ನುತ್ತಿದ್ದವು, "ಅಳು" ಅನ್ನುತ್ತಿದ್ದವು. ಸಿದ್ದು ಒಮ್ಮೆ "ಸಿಟ್ಟು ಐತ್ರಿ" ಅಂದ.

"ದೊಡ್ಡದೋ, ಸಣ್ಣದೋ?"

"ಎಮ್ಮಿಯಷ್ಟ ಐತ್ರಿ."

ಆಮೇಲೆ ಪಕ್ಕದಲ್ಲಿ ಕುಳಿತ ಕೂಸು ಕೇಳಬೇಕು, "ನಿನಗ ಏನ್ ಬೇಕು?" ಅಂತ. ಇದು ನಿಯಮ. ಸಿದ್ದುಗೆ ಕಿಟಕಿ ಬಾಜೂ ಜಾಗ ಬೇಕಿತ್ತು. ಸಿಕ್ಕಿತು. ಎಮ್ಮೆ ಎದ್ದು ಹೋಯಿತು.

ನನಗೋ ಇದೆಲ್ಲ ತಮಾಷೆ. ಹೊಟ್ಟೆಯೊಳಗೆ ಅವಲಕ್ಕಿ ಬಿಟ್ಟರೆ ಇನ್ನೇನಿರುತ್ತದೆ? ನನ್ನ ಪಾಳಿ ಬಂದಾಗಲೆಲ್ಲ ಕಂಡಕ್ಟರನ ಧ್ವನಿಯಲ್ಲಿ "ಗಿರಮಿಟ್ ಐತಿ, ಮಿರ್ಚಿ ಭಜಿ ಐತಿ, ಒಳಗ ಸರೀರಿ, ಒಳಗ ಸರೀರಿ!" ಅನ್ನುತ್ತಿದ್ದೆ. ಚಹಾದ ಹೊತ್ತಿನಲ್ಲಿ ಕಸ್ತೂರಿ ಅಕ್ಕೋರನ್ನೇ ಅಣಕಿಸಿ ತೋರಿಸಿದೆ. ಕತ್ತು ವಾಲಿಸಿ, ಧ್ವನಿ ಇಳಿಸಿ, "ನಿನ್ನ ಹೊಟ್ಟ್ಯಾಗ ಏನದ?" ಅಂತ. ತಿರುಗಿ ನೋಡಿದರೆ ಅವರು ಬಾಗಿಲಲ್ಲೇ ನಿಂತಿದ್ದಾರೆ! ಸಿಟ್ಟು ಬರಬೇಕಲ್ಲ? "ನನ್ನ ಧ್ವನಿ ಇಷ್ಟು ಛಲೋ ಅದ ಅಂತ ಗೊತ್ತೇ ಇರಲಿಲ್ಲ ನೋಡ್ರಿ" ಅಂತ ನಕ್ಕರು. ಅಣಕಿಸಿದರೂ ಉರಿಯದವರ ಮುಂದೆ ನನ್ನ ವಿದ್ಯೆ ಏನು ಮಾಡೀತು? ಅವರ ಬದಲು ನಾನೇ ಉರಿದೆ.

ಮುಂದಿನ ಸೋಮವಾರ ಜೋಯಾ ಬಂದಳು. ಅವಳ ತಾಯಿ ಶಬಾನಾಗೆ ಲಕಮನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಹೊಸದಾಗಿ ಸಿಕ್ಕಿತ್ತು. "ಮನ್ಯಾಗ ನೋಡ್ಕೊಳ್ಳೋರು ಯಾರೂ ಇಲ್ರಿ ಅಕ್ಕೋರ. ಇಕಿ ಇಲ್ಲಿ ಕುಂತ್ರ ನನ್ನ ಕೆಲಸ ನಿಂತೀತು" ಅಂದಳು. ಜೋಯಾ ಕುಳಿತಳು, ಆದರೆ ಒಳಗಲ್ಲ, ಹೊಸ್ತಿಲ ಮೇಲೆ. ಗೇಟಿನ ಕಡೆ ಮುಖ. ಕಾಲಲ್ಲಿ ಚಪ್ಪಲಿ ಹಾಗೇ. ಎದೆಗೆ ಅವಚಿಕೊಂಡ ಹಸಿರು ನೀರಿನ ಬಾಟಲಿ. ಅಳಲಿಲ್ಲ. ಮಾತಾಡಲಿಲ್ಲ. ತಿನ್ನಲಿಲ್ಲ. ಒಂದು ಗುಟುಕು ನೀರೂ ಕುಡಿಯಲಿಲ್ಲ. ಮಧ್ಯಾಹ್ನ ತಾಯಿ ಬಂದಾಗ ಬಾಟಲಿ ತುಂಬಿಯೇ ಇರುತ್ತಿತ್ತು.

ಎರಡು ಮೂರು ದಿನ ನೋಡಿ ದೊಡ್ಡಕ್ಕೋರು ಶಬಾನಾಳನ್ನು ಕರೆದು ಹೇಳಿದರು. "ಕೂಸು ನೀರು ಸೈತ ಕುಡೀದನ ಕುಂತ್ರ ನಮಗೂ ಹೆದರಿಕಿ ಆಗತದವಾ. ಶನಿವಾರದ ತನಕಾ ನೋಡೋಣು. ಇಲ್ಲಂದ್ರ ದಸರಾ ಆದಮ್ಯಾಲೆ ಕರಕೊಂಡ್ ಬಾ."

"ದಸರಾ ತನಕಾ ನನ್ನ ಕೆಲಸ ಕಾಯ್ತದೇನ್ರಿ?" ಅಂದಳು ಶಬಾನಾ.

ನಾನು ಮನಸ್ಸಿನಲ್ಲೇ ತೊಡೆ ತಟ್ಟಿದೆ. ತಾಯಿಯ ಕೆಲಸ ಉಳಿಯಲಿ ಅಂತ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ, ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಈ ಕೂಸಿನ ಬಾಯಿ ನಾನು ತೆರೆಸಬೇಕು, ಕಸ್ತೂರಿ ಅಕ್ಕೋರು ನೋಡುತ್ತಾ ನಿಲ್ಲಬೇಕು!

ನನ್ನ ಅಂಗಡಿಯಲ್ಲಿದ್ದ ಮಾಲನ್ನೆಲ್ಲ ಹೊಸ್ತಿಲ ಮುಂದೆ ಸುರಿದೆ. ಆಡು, ಬೆಕ್ಕು, ಕೋಳಿ, ಕುಕ್ಕರು, ಕಂಡಕ್ಟರು, ನಮ್ಮಪ್ಪನ ಗಂಟಲು. ಒಳಗಿನ ಮಕ್ಕಳು ಬಿದ್ದು ಬಿದ್ದು ನಕ್ಕವು. ಜೋಯಾ ನನ್ನನ್ನು ನೋಡಿದಳು. ಬೋರ್ಡು ಓದಿ, ಇದು ನಮ್ಮೂರಿನ ಬಸ್ಸಲ್ಲ ಅಂತ ಗೊತ್ತಾದ ಮೇಲೆ ಮಂದಿ ಬಸ್ಸನ್ನು ನೋಡುತ್ತಾರಲ್ಲ, ಹಾಗೆ. ಮತ್ತೆ ಗೇಟಿನ ಕಡೆ ತಿರುಗಿದಳು.

ಕಸ್ತೂರಿ ಅಕ್ಕೋರು ಏನು ಮಾಡಿದರು? ಹೂವಿನ ಬುಟ್ಟಿ ತಂದು ಅವಳ ಪಕ್ಕ ಹೊಸ್ತಿಲ ಮೇಲೆ ಕುಳಿತು ಮಾಲೆ ಕಟ್ಟತೊಡಗಿದರು. ಒಂದು ಮಾತಿಲ್ಲ. ಮರುದಿನವೂ ಅದೇ. ಶುಕ್ರವಾರ ನಾನು ಕೋಳಿ ಕೂಗಿ ಕೂಗಿ ಸುಸ್ತಾಗಿ ನೋಡುತ್ತೇನೆ, ಜೋಯಾಳ ಕೈಯಲ್ಲಿ ಅಕ್ಕೋರ ಸೆರಗಿನ ತುದಿ! ಮಧ್ಯಾಹ್ನ ಶಬಾನಾ ಅದನ್ನು ಕಂಡು, "ನಿಮ್ಮ ಕೈಗುಣ ಛಲೋ ಐತ್ರಿ ಅಕ್ಕೋರ" ಅಂದಳು. ಕೈಗುಣವಂತೆ! ನನ್ನ ಗಂಟಲು ಹರಿದು ಹೋಗಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಅವತ್ತು ಬಸ್ಸಿನಲ್ಲಿ ಕಂಡಕ್ಟರನ ಆವಾಜನ್ನು ಕಿವಿಗೊಟ್ಟು ಕೇಳುವ ಮನಸ್ಸೂ ಆಗಲಿಲ್ಲ. ಸಿಕ್ಕ ಸಿಕ್ಕವರ ಮೇಲೆ ಉರಿ. ಸೀಟು ಸಿಕ್ಕವರ ಮೇಲೂ ಉರಿ.

ಶನಿವಾರ ಬಂತು. ಬೆಳಿಗ್ಗೆ ಎದ್ದರೆ ನನ್ನ ಧ್ವನಿಯೇ ಇಲ್ಲ. ವಾರವಿಡೀ ಒದರಿದ್ದಕ್ಕೆ ಗಂಟಲು ಕಟ್ಟಿ, ಬಾಯಿ ಬಿಟ್ಟರೆ ತುಕ್ಕು ಹಿಡಿದ ಗೇಟು ತೆಗೆದಂತೆ ಸಪ್ಪಳ. ಗೇಟಿನಲ್ಲಿ ಶಬಾನಾ ಬಾಟಲಿ ತುಂಬಿಸಿ ಮಗಳ ಕೈಗೆ ಕೊಟ್ಟು, "ಇವತ್ತರ ಒಂದ್ ಗುಟುಕು ಕುಡಿ ಬೇಟಾ" ಅಂತ ಹೇಳಿ ಓಡಿದಳು. ಜೋಯಾ ಹೊಸ್ತಿಲು ಹಿಡಿದಳು.

ಹೊಟ್ಟಿ ಮಾತು ಶುರುವಾಯಿತು. ಅಕ್ಕೋರು ಅವತ್ತು ಹೊಸ್ತಿಲ ಹತ್ತಿರವೇ ದುಂಡು ಕೂರಿಸಿದ್ದರು. ಒಬ್ಬೊಬ್ಬರದೇ ಮುಗಿದು ನನ್ನ ಪಾಳಿ ಬಂತು.

"ಸರ್, ಇವತ್ತ ನಿಮ್ಮ ಹೊಟ್ಟ್ಯಾಗ ಏನದ?"

ಮಕ್ಕಳೆಲ್ಲ ಗಿರಮಿಟ್ಟಿಗೆ ಕಾಯುತ್ತಿದ್ದವು. ನಾನೂ ಕಂಡಕ್ಟರನನ್ನು ಕರೆದೆ, ಅವನು ಬರಲಿಲ್ಲ. ಆಡು ಬರಲಿಲ್ಲ, ಅಪ್ಪ ಬರಲಿಲ್ಲ. ಬಂದದ್ದು ಒಡೆದ ಧ್ವನಿ. ಅದು ನನ್ನದೇ.

"ಹೊಟ್ಟಿಕಿಚ್ಚು ಐತ್ರಿ" ಅಂದುಬಿಟ್ಟೆ.

ಅಕ್ಕೋರು ನಗಲಿಲ್ಲ. ಸಿದ್ದುವನ್ನು ಕೇಳಿದಂತೆಯೇ ನನ್ನನ್ನೂ ಕೇಳಿದರು. "ದೊಡ್ಡದೋ, ಸಣ್ಣದೋ?"

"ದೊಡ್ಡದೈತ್ರಿ."

"ಯಾರ ಮ್ಯಾಲ?"

"ನಿಮ್ಮ ಮ್ಯಾಲ್ರಿ. ನಾ ಇಷ್ಟ ಒದರತೀನಿ, ಆದ್ರೂ ಇವು ನಿಮ್ಮ ಕಡೇನ ಬರ್ತಾವ. ನೀವು ಸುಮ್ನ ಕುಂತಿರ್ತೀರಿ."

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಮೀಸೆ ಹೊತ್ತ ಗಂಡಸು ಹೇಳುವ ಮಾತೇ? ಅಷ್ಟರಲ್ಲಿ ಸಿದ್ದು ಎದ್ದು ನಿಂತ. "ಅಕ್ಕೋರ, ಕಿಚ್ಚಂದ್ರ ಏನ್ರಿ?"

"ಕಿಚ್ಚಂದ್ರ ಬೆಂಕಿ" ಅಂದರು ಅಕ್ಕೋರು.

"ಅಯ್ಯಯ್ಯೋ! ಆವಾಜ್ ಸರ್ ಹೊಟ್ಟ್ಯಾಗ ಬೆಂಕಿ ಹತ್ತೇತಿ!"

ದುಂಡಿನಲ್ಲಿ ಗದ್ದಲವೋ ಗದ್ದಲ. ಒಬ್ಬಳು ನನ್ನ ಬಾಯಿ ನೋಡಿದಳು, ಹೊಗೆ ಬರುತ್ತದೇನೋ ಅಂತ. ಇನ್ನೊಬ್ಬ ಹಿಂದೆ ಸರಿದು ಕುಳಿತ. ಈ ಗದ್ದಲದಲ್ಲಿ "ನಿನಗ ಏನ್ ಬೇಕು?" ಅಂತ ಕೇಳಬೇಕಾದ ಕೂಸು ಕೇಳುವುದನ್ನೇ ಮರೆಯಿತು.

ಆಗ ಹೊಸ್ತಿಲ ಮೇಲಿಂದ ಜೋಯಾ ಎದ್ದಳು. ಚಪ್ಪಲಿ ಬಿಟ್ಟಳು. ಒಂದನ್ನೊಂದು ಮುಟ್ಟುವಂತೆ ಜೋಡಿಸಿ ಇಟ್ಟಳು. ಒಳಗೆ ಬಂದಳು. ಸೀದಾ ನನ್ನ ಮುಂದೆ ನಿಂತು, ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆರೆದಳು.

"ಕುಡೀರಿ. ಆರತೈತಿ."

ನಾನು ಅಕ್ಕೋರ ಮುಖ ನೋಡಿದೆ. ಅವರು ಕಣ್ಣಲ್ಲೇ ಕುಡಿಯಿರಿ ಅಂದರು. ಕುಡಿದೆ. ಸುಟ್ಟ ಗಂಟಲಿಗೆ ಅಷ್ಟು ತಂಪು ನೀರು ನಾನು ಕುಡಿದದ್ದಿಲ್ಲ. ಜೋಯಾ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಲೆ ಬಿಸಿ ಇದೆಯೋ ಅಂತ ನೋಡುವವಳಂತೆ ನೋಡಿದಳು.

"ಆರ್ತಾ?"

"ಇನ್ನೊಂಚೂರು ಐತವಾ" ಅಂದೆ. ಯಾಕೆ ಹಾಗೆ ಅಂದೆನೋ, ಆದರೆ ಅದು ನಿಜವೇ ಆಗಿತ್ತು.

ಅವಳು ಬಾಟಲಿ ವಾಪಸ್ ತಗೊಂಡಳು. ಆಮೇಲೆ ತನ್ನ ಹೊಟ್ಟೆ ಮುಟ್ಟಿ, "ನನಗೂ ಐತಿ" ಅಂದಳು. ಮತ್ತೆ ಗಟಗಟ ಕುಡಿದಳು! ಗಲ್ಲದಿಂದ ನೀರು ಇಳಿದು ಫ್ರಾಕು ತೊಯ್ದಿತು.

"ಯಾರ ಮ್ಯಾಲ ಜೋಯಾ?" ಅಂತ ಅಕ್ಕೋರು ಮೆತ್ತಗೆ ಕೇಳಿದರು.

ಜೋಯಾ ಗೇಟಿನ ಕಡೆ ಬೆರಳು ಮಾಡಿದಳು. "ಫ್ಯಾಕ್ಟರಿ ಮ್ಯಾಲ. ಅಮ್ಮಿ ದಿನಾ ಅಲ್ಲಿಗೇ ಹೋಗತಾಳ."

ಒಂದು ವಾರ ಆ ಕೂಸು ಗೇಟನ್ನು ನೋಡಿದ್ದು ಯಾಕೆ ಅಂತ ನಮಗೆಲ್ಲ ಒಮ್ಮೆಗೇ ಗೊತ್ತಾಯಿತು. ಅವಳು ಬರೀ ತಾಯಿಯ ದಾರಿ ಕಾಯುತ್ತಿರಲಿಲ್ಲ. ತನ್ನ ಅಮ್ಮಿಯನ್ನು ಕಸಿದುಕೊಂಡ, ತಾನು ಕಣ್ಣಿಂದ ನೋಡದ ಯಾವುದೋ ಫ್ಯಾಕ್ಟರಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕುಳಿತಿದ್ದಳು. ನನ್ನ ಜಾತಿಯವಳೇ!

ಸಿದ್ದುಗೆ ಈಗ ನಿಯಮ ನೆನಪಾಯಿತು. "ನಿನಗ ಏನ್ ಬೇಕು?" ಅಂದ.

ಜೋಯಾ ವಿಚಾರ ಮಾಡಿದಳು. "ಕೋಳಿ" ಅಂದಳು, ನನ್ನ ಕಡೆ ನೋಡಿ.

ಇದ್ದ ಗಂಟಲಿನಲ್ಲೇ ಕೂಗಿದೆ. ಇಡೀ ವಾರ ಚೆಂದಗೆ ಕೂಗಿದಾಗ ನಗದವಳು, ಅವತ್ತಿನ ಸತ್ತ ಕೋಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಧ್ಯಾಹ್ನ ಶಬಾನಾ ಬಂದು ಮೊದಲು ಮುಟ್ಟಿದ್ದು ಬಾಟಲಿಯನ್ನು. ಹಗುರ ಇತ್ತು. ನಂಬದೆ ಬೋರಲು ಹಾಕಿ ನೋಡಿದಳು, ಒಂದೇ ಒಂದು ಹನಿ ಬಿತ್ತು. "ಯಾರ್ ಕುಡಿಸಿದ್ರಿ?" ಅಂದಳು.

"ಸರ್ ಕುಡಿಸಿದ್ರು" ಅಂದರು ಕಸ್ತೂರಿ ಅಕ್ಕೋರು. ಅವರ ದೊಡ್ಡತನ ಅದು. ನಾನು ಎದೆ ಉಬ್ಬಿಸುವಷ್ಟರಲ್ಲಿ ಜೋಯಾ ತಿದ್ದಿದಳು. "ಇಲ್ಲ ಅಮ್ಮಿ. ನಾ ಸರ್‌ಗ ಕುಡಿಸೀನಿ."

ದೊಡ್ಡಕ್ಕೋರು ದಸರಾದ ಮಾತು ತೆಗೆಯಲಿಲ್ಲ. ಶಬಾನಾ ಸೋಮವಾರ ಕೆಲಸಕ್ಕೆ ಹೋದಳು. ಇವತ್ತಿಗೂ ಹೋಗುತ್ತಾಳೆ.

ಅವತ್ತು ಮಕ್ಕಳೆಲ್ಲ ಹೋದ ಮೇಲೆ ಅಕ್ಕೋರು ಬುಟ್ಟಿಯಲ್ಲಿ ಉಳಿದ ಹೂವು ಆರಿಸುತ್ತ ಕುಳಿತಿದ್ದರು. "ಮಂಜುನಾಥ, ಅಕಿ ಬಾಜೂ ನಾ ಕುಂತೆ, ನನ್ನ ಸೆರಗ ಹಿಡದಳು. ಮೊದಲನೇ ಮಾತು ಮಾತ್ರ ನಿಮಗ ಆಡಿದಳು" ಅಂದರು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ನನಗೂ ಈಗ ಒಂಚೂರು ಅದರೀ, ಸಣ್ಣದು" ಅಂದರು. ನಾನು ಓಡಿ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಇಬ್ಬರೂ ನಕ್ಕೆವು. ಅವರು ಪೂರ್ತಿ ಕುಡಿದರು.

ನನ್ನ ಧ್ವನಿ ವಾಪಸ್ ಬಂದಿದೆ. ಕಂಡಕ್ಟರೂ ಬಂದಿದ್ದಾನೆ, ಆಡೂ ಬಂದಿದೆ. ನಾಲ್ಕು ಮಂದಿ ಮುಂದೆ ಈಗಲೂ ಎಲ್ಲರನ್ನೂ ಅಣಕಿಸುತ್ತೇನೆ. ಆದರೆ ಹೊಟ್ಟಿ ಮಾತಿನ ದುಂಡಿನಲ್ಲಿ ಮಾತ್ರ ಅವರನ್ನು ಹೊರಗೆ ನಿಲ್ಲಿಸಿ ನಾನೊಬ್ಬನೇ ಕೂರುತ್ತೇನೆ. ಅವ್ವ ಕೇಳಿದ ಖರೇ ಆವಾಜು ಅಷ್ಟು ಕೆಟ್ಟದ್ದೇನಲ್ಲ.

ಉರಿ ಪೂರ್ತಿ ಹೋಗಿದೆ ಅಂತ ತಿಳಿಯಬೇಡಿ. ಜೋಯಾ ಈಗ ದೊಡ್ಡ ತರಗತಿಗೆ ಹೋಗಿದ್ದಾಳೆ, ಆದರೂ ಬಿಡುವಿನಲ್ಲಿ ಓಡಿ ಬಂದು ಕೂರುವುದು ಕಸ್ತೂರಿ ಅಕ್ಕೋರ ತೊಡೆಯ ಮೇಲೆಯೇ. ನಾನು ದೂರದಿಂದ ನೋಡುತ್ತೇನೆ. ಅವಳಿಗೆ ಅದು ಗೊತ್ತಾಗುತ್ತದೆ. ಅಲ್ಲಿಂದಲೇ ಹೊಟ್ಟೆ ಮುಟ್ಟಿಕೊಂಡು, "ಸರ್, ಆರ್ತಾ?" ಅಂತ ಕೂಗುತ್ತಾಳೆ.

"ಇನ್ನೊಂಚೂರು ಐತವಾ" ಅನ್ನುತ್ತೇನೆ ನಾನು. ಆರಿತು ಅಂದರೆ ಅವಳು ಬಾಟಲಿ ತಗೊಂಡು ನನ್ನ ಹತ್ತಿರ ಯಾಕೆ ಬಂದಾಳು?