ವತ್ಸಲಾ ಮನೆಯ ಹೆಪ್ಪು

ಬಸವೇಶ್ವರನಗರದ ವತ್ಸಲಾ ಮೂವತ್ತು ವರ್ಷಗಳಲ್ಲಿ ಒಂದು ರಾತ್ರಿಗಿಂತ ಹೆಚ್ಚು ಮನೆ ಬಿಟ್ಟವರಲ್ಲ. ತಡೆದದ್ದು ಗಂಡನೂ ಅಲ್ಲ, ಮಗನೂ ಅಲ್ಲ, ಒಂದು ಚಮಚ ಮೊಸರು. ಮಗ ಅಭಿನವ್‌ನನ್ನು ಎತ್ತಿಕೊಂಡು ಬಾಣಂತನ ಮುಗಿಸಿ ಬಂದ ವಾರವೇ ಅತ್ತೆ ಅಡುಗೆಮನೆ ಒಪ್ಪಿಸಿದ್ದರು. "ನಾನು ಈ ಮನೆಗೆ ಬಂದಾಗಿಂದ ಹೆಪ್ಪು ತಪ್ಪಿಲ್ಲ ಕಣೇ. ಬಟ್ಟಲು ಹಿಡ್ಕೊಂಡು ಯಾರ ಮನೆ ಬಾಗಿಲಿಗೂ ಹೋಗಿಲ್ಲ. ನಿನ್ನ ಕಾಲದಲ್ಲೂ ಹಾಗೇ ನಡೀಲಿ."

ಅತ್ತೆ ತೀರಿಕೊಂಡರು, ಮಾತು ಉಳಿಯಿತು. ಮದುವೆಯಿರಲಿ, ಮುಂಜಿಯಿರಲಿ, ವತ್ಸಲಾ ಮರುದಿನವೇ ವಾಪಸು. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಈ ಸಲ ಎದುರುಮನೆಯ ಕಲಾ ಮತ್ತು ಪಾರ್ಕಿನ ಗೆಳತಿ ರಾಗಿಣಿ ಬಿಡಲಿಲ್ಲ. ಗಂಡ ಸೇತುರಾಮರಿಗೆ ವತ್ಸಲಾ ಹತ್ತು ಸಲ ಹೆಪ್ಪಿನ ಪಾಠ ಹೇಳಿದ ಮೇಲೆ, ಮೂವರೂ ಕೆಂಗೇರಿಯಲ್ಲಿ ರೈಲು ಹತ್ತಿದರು.

ತಮಿಳುನಾಡಿನ ಕಡಲತೀರದ ತರಂಗಂಬಾಡಿ ಅವಸರವಿಲ್ಲದ ಊರು. ಹಳೆಯ ಊರಬಾಗಿಲು ದಾಟಿ, ಡೇನಿಷರ ಕೋಟೆ ಸುತ್ತಿ, ಕಡಲು ಮುಂಭಾಗವನ್ನೇ ನುಂಗಿದ ಶಿವನ ಗುಡಿಯ ಬಳಿ ಕಡಲೆಕಾಯಿ ಬಿಡಿಸುತ್ತಾ ಕುಳಿತರು. ವತ್ಸಲಾ ಕಂಡದ್ದು ಮಾತ್ರ ಬರೀ ಫೋನು. ಕೋಟೆಯ ಮೆಟ್ಟಿಲಲ್ಲಿ ಒಂದು ಕರೆ, ಮೇಲೆ ಹತ್ತಿ ಇನ್ನೊಂದು. ಸೇತುರಾಮ ಎತ್ತುತ್ತಿಲ್ಲ. ಎತ್ತುತ್ತಿಲ್ಲವೆಂದರೆ ಏನೋ ಎಡವಟ್ಟಾಗಿದೆ. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಅಷ್ಟೂ ತಿಳಿಯುವುದಿಲ್ಲವೇ!

ನಾಲ್ಕು ಗಂಟೆಗೆ ಸೇತುರಾಮರೇ ಫೋನ್ ಮಾಡಿದರು.

"ಹೆಪ್ಪು ಇದೆಯೇನ್ರೀ?"

"ಅದು... ಬೆಳಿಗ್ಗೆ ಅವಲಕ್ಕಿಗೆ ಕಲಸ್ಕೊಂಡ್ಬಿಟ್ಟೆ ಕಣೇ. ಪೂರ್ತಿ."

ವತ್ಸಲಾ ಕುಳಿತಲ್ಲಿಂದ ಎದ್ದುಬಿಟ್ಟರು. "ಒಂದು ಚಮಚ ಎತ್ತಿಡಿ ಅಂತ ಬಡ್ಕೊಂಡ್ನಲ್ರೀ! ಅತ್ತೆ ನನ್ನ ನಂಬಿ ಕೊಟ್ಟಿದ್ದು ಅದೊಂದೇ..." ಎಂದು ಬಿಕ್ಕಿದರು.

ಸೇತುರಾಮ ಮೆಲ್ಲಗೆ ಹೇಳಿದರು: "ಅಳಬೇಡ ಕಣೇ. ಒಂದು ವಿಷಯ ಹೇಳ್ತೀನಿ. ನೀನು ಹೆರಿಗೆಗೆ ಹೋಗಿದ್ಯಲ್ಲ, ಆಗ ಅಮ್ಮನ ಕೈಲೇ ಹೆಪ್ಪು ತಪ್ಪಿತ್ತು. ಕುದಿಯೋ ಹಾಲಿಗೆ ಹಾಕ್ಬಿಟ್ಟಿದ್ರು. ಕಲಾ ಅವರ ಅತ್ತೆ ಹತ್ರ ಬಟ್ಟಲು ಹಿಡ್ಕೊಂಡು ಹೋದೋನು ನಾನೇ. ನಿಂಗೆ ಹೇಳ್ಕೂಡ್ದು ಅಂತ ಆಣೆ ಹಾಕಿಸ್ಕೊಂಡಿದ್ರು."

ಮೊದಲು ಸಿಟ್ಟು ಬಂತು. ತವರಿನಲ್ಲಿ ಉಳಿಯದೆ ಬಂದ ರಾತ್ರಿಗಳೆಲ್ಲ ನೆನಪಾದವು. ಆಮೇಲೆ, ಸೊಂಟದ ಮೇಲಿದ್ದ ತುಂಬಿದ ಕೊಡವನ್ನು ಯಾರೋ ಇಳಿಸಿಕೊಂಡಂತೆ ಜೀವ ಹಗುರಾಯಿತು. ಪಾಪ, ಆ ಮುದುಕಿಯೂ ಹೆದರಿದ್ದಳು. ವತ್ಸಲಾ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು.

"ಈಗ ಏನ್ಮಾಡ್ಲಿ?" ಎಂದರು ಸೇತುರಾಮ.

"ಪ್ಯಾಕೆಟ್ ಮೊಸರು ತಂದ್ಕೊಳ್ಳಿ. ನಾನು ಇನ್ನೂ ಎರಡು ದಿನ ಇದ್ದು ಬರ್ತೀನಿ."

ಫೋನನ್ನು ರಾಗಿಣಿಯ ಚೀಲಕ್ಕೆ ತುರುಕಿ, ಸೀರೆ ಮೇಲೆತ್ತಿ ಸಿಕ್ಕಿಸಿ ನೀರಿಗಿಳಿದರು. ಅರ್ಧ ಗಂಟೆಯಾದರೂ ಮೇಲೆ ಬರುವ ಸೂಚನೆಯಿಲ್ಲ. ದಡದಿಂದ ಕಲಾ ಕೂಗಿದರು, "ಹೊತ್ತಾಯ್ತು, ಬಾರೇ!"

"ಯಾಕೇ," ವತ್ಸಲಾ ತಿರುಗಿಯೂ ನೋಡಲಿಲ್ಲ, "ಹೋಗಿ ನೀನೇನು ಹೆಪ್ಪು ಹಾಕ್ಬೇಕಾ?"