ಪವಿತ್ರನ್ ಸೇರಿಸಿದ ಒಂದು ಸಾಲು

ನಮ್ಮ ವಾಚನಾಲಯದ ಕಂಪ್ಯೂಟರು ಕೆಟ್ಟಿದೆ ಎಂದು ಫೋನ್ ಮಾಡಿದರೆ ಪವಿತ್ರನ್ ಬರುತ್ತಿರಲಿಲ್ಲ. ಪರದೆಯ ಮೇಲೆ ಏನು ಬರೆದಿದೆ, ಅದನ್ನು ಓದಿ ಹೇಳು ಎನ್ನುತ್ತಿದ್ದ. ಕಸ ಗುಡಿಸಿ ಬಾಗಿಲು ತೆಗೆಯುವ ನನ್ನ ಓದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳುವಷ್ಟರಲ್ಲಿ ನನ್ನ ತಲೆ ಕಾಯುತ್ತಿತ್ತು; ಅವನಿಗೆ ಅಷ್ಟರಲ್ಲಿ ರೋಗ ಗೊತ್ತಾಗಿರುತ್ತಿತ್ತು. ಡಿಸ್ಕ್ ತುಂಬಿದೆ, ಇಲ್ಲವೇ ಯಾರೋ ತಂತಿ ಕಿತ್ತಿದ್ದಾರೆ.

ಕಣ್ಣೂರಿನ ನಮ್ಮ ಸುತ್ತಿನ ನಾಲ್ಕು ವಾಚನಾಲಯಗಳ ಲಿನಕ್ಸ್ ಯಂತ್ರಗಳು ಅವನೊಬ್ಬನಿಂದಲೇ ನಡೆಯುತ್ತಿದ್ದವು. ಬೀಡಿ ಕಟ್ಟುವವರ ಮಗ, ಐವತ್ತು ದಾಟಿತ್ತು, ಮದುವೆಯಾಗಲಿಲ್ಲ. ಹಳೆಯ ಬೀಡಿ ಕೆಲಸಗಾರರ ದನಿ ಉಳಿಸಬೇಕು ಎಂಬುದೊಂದೇ ಹಟ. ಹದಿನಾಲ್ಕು ವರ್ಷ ಮನೆಮನೆ ತಿರುಗಿ ಅರವತ್ತಮೂರು ಜನರ ಮಾತು ತುಂಬಿಸಿದ. ಅವರಲ್ಲಿ ನಲವತ್ತೊಂದು ಜನ ಈಗಿಲ್ಲ. ನಮ್ಮ ವಾಚನಾಲಯದ ಯಂತ್ರದಲ್ಲೇ ಒಂದು ಡಿಸ್ಕಿನಲ್ಲಿ ಅಸಲು, ಇನ್ನೊಂದರಲ್ಲಿ ನಕಲು. ದಿನಾ ಮಧ್ಯಾಹ್ನ ಯಂತ್ರ ತಾನೇ ಅಸಲನ್ನು ನೋಡಿ ನಕಲನ್ನು ಸರಿಪಡಿಸುತ್ತಿತ್ತು. ಅಸಲಿನಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುತ್ತಿತ್ತು.

ಬೀಡಿ ಕಟ್ಟುವವರಿಗೆ ಒಬ್ಬ ಪೇಪರ್ ಓದಬೇಕು, ಉಳಿದವರು ಕೇಳುತ್ತಾ ಕೈ ಆಡಿಸಬೇಕು. ಈಗ ಆ ಕೈಗಳಿಗೆ ಕೆಲಸವಿಲ್ಲ, ಆದರೂ ಬೆಳಗ್ಗೆ ಆರಕ್ಕೆ ವಾಚನಾಲಯದಲ್ಲಿ ಕಿವಿಗೆ ಪೇಪರ್ ಬೇಕು. ಓದುವ ಚಾತುಕುಟ್ಟಿಗೆ ಕಣ್ಣು ಮಂಜು. ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾನೆ. ಒಂದು ಮಳೆಗಾಲ ದನಿಗಳ ಡಿಸ್ಕಿನ ತಂತಿ ಸಡಿಲವಾಗಿ, ಡಿಸ್ಕ್ ಸಿಕ್ಕಲಿಲ್ಲವೆಂದು ಯಂತ್ರ ಕಪ್ಪು ಪರದೆಯಲ್ಲೇ ನಿಂತಿತು. ಮುದುಕರು ಗೊಣಗಿದರು. ನಾನು ಫೋನಿನಲ್ಲಿ ಕಿರುಚಿದೆ.

"ನಿನ್ನ ಡಿಸ್ಕ್ ಏಳ್ಲಿಲ್ಲ ಅಂತ ಇಡೀ ಊರು ಬಾಯಿ ಬಿಟ್ಕೊಂಡು ಕೂತಿರ್ಬೇಕಾ? ಅದು ಸಿಗ್ದಿದ್ರೆ ಬಿಟ್ಟು ಮುಂದೆ ಹೋಗೋ ಹಾಗೆ ಮಾಡು."

ನಿಲ್ಲುವುದೇ ಒಳ್ಳೆಯದು ಎಂದು ಅವನು ವಾದಿಸಿ ನೋಡಿದ. ಮರುದಿನ ಕಮಿಟಿಯವರೂ ನನ್ನ ಮಾತನ್ನೇ ಹೇಳಿದರು. ಪವಿತ್ರನ್ ಬಂದು, ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು ಎಂದು ಯಂತ್ರಕ್ಕೆ ಹೇಳುವ ಒಂದು ಸಾಲು ಸೇರಿಸಿ ಹೋದ. ಆಮೇಲೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ಅಕ್ಟೋಬರಿನ ಕೊನೆ, ತುಲಾ ತಿಂಗಳ ಒಂದು ಭಾನುವಾರ ಸಿಡಿಲು ಬಡಿಯಿತು. ಸೋಮವಾರ ಯಂತ್ರ ಚೆನ್ನಾಗಿಯೇ ಎದ್ದಿತು, ಚಾತುಕುಟ್ಟಿ ಪೇಪರ್ ಓದಿದ. ಅಸಲಿನ ಡಿಸ್ಕ್ ಸುಟ್ಟುಹೋಗಿ ಅದರ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರೊಂದೇ ಉಳಿದಿದ್ದು ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಯಂತ್ರ ಎಂದಿನಂತೆ ನೋಡಿತು. ಅಸಲು ಖಾಲಿ. ನಕಲನ್ನೂ ಖಾಲಿ ಮಾಡಿತು.

ನಾಲ್ಕು ದಿನದ ನಂತರ ಎಂದಿನ ತಪಾಸಣೆಗೆ ಬಂದ ಪವಿತ್ರನ್ ಅಸಲಿನ ಡಿಸ್ಕ್ ಸತ್ತಿರುವುದನ್ನು ಕಂಡಾಗ ನಾನು ಬೆನ್ನ ಹಿಂದೆ ನಿಂತಿದ್ದೆ. ಒಂದು ಸತ್ತರೇನು, ಇನ್ನೊಂದಿದೆ ಎಂದು ನನಗೇ ಸಮಾಧಾನ ಹೇಳಿದ. ಎರಡನೆಯದನ್ನು ತೆರೆದು ಅದೇ ಆಜ್ಞೆಯನ್ನು ಮೂರು ಸಲ ಒತ್ತಿದ.

"ಇದೂ ಇಲ್ಲ, ಐತಪ್ಪಣ್ಣ" ಎಂದು ನನ್ನತ್ತ ತಿರುಗಿದ.

ಅಳಿಸಿದ್ದರ ಮೇಲೆ ಬೇರೆ ಏನೂ ಬರೆಯದಿದ್ದರೆ ಹೆಕ್ಕಬಹುದಿತ್ತಂತೆ. ನಾವೋ ಆ ನಾಲ್ಕು ದಿನದಲ್ಲಿ ಅದೇ ಡಿಸ್ಕಿಗೆ ವಾರ್ಷಿಕೋತ್ಸವದ ವಿಡಿಯೋ ತುಂಬಿಸಿಬಿಟ್ಟಿದ್ದೆವು. ತಿಂಗಳು ಕೂತ. ಸಿಕ್ಕಿದ್ದು ಒಂಬತ್ತು ಹೆಸರುಗಳು, ದನಿಯಿಲ್ಲದವು. ಎರ್ನಾಕುಲಂಗೆ ಕಳಿಸಿದ ಡಿಸ್ಕುಗಳು ಹಾಗೆಯೇ ವಾಪಸು ಬಂದವು.

"ಸತ್ತೋರು ಇನ್ನೊಂದ್ಸಲ ಸತ್ರು, ಅಷ್ಟೇ. ಚಾ ಕುಡಿ" ಎಂದ ಚಾತುಕುಟ್ಟಿ. ಪವಿತ್ರನ್ ಲೋಟ ಮುಟ್ಟಲಿಲ್ಲ.

ಗಂಡ ಸತ್ತ ದಿನ ಕೌಸು ಪ್ರತಿ ವರ್ಷ ಬಂದು ಅವನ ದನಿ ಕೇಳಿ ಹೋಗುತ್ತಿದ್ದಳು. ಈ ಸಲವೂ ಬಂದಳು. ಯಂತ್ರ ರಿಪೇರಿಯಲ್ಲಿದೆ ಎನ್ನು ಎಂದು ನಾನು ಸನ್ನೆ ಮಾಡಿದೆ. ಪವಿತ್ರನ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಕೊಡೆಯನ್ನು ಗೋಡೆಗೆ ಒರಗಿಸಿ, ಮಗನನ್ನು ಕರೆಯುವಂತೆ ಕರೆದು ಹೇಳಿದಳು.

"ಹೋಗ್ಲಿ ಮೋನೇ. ಅವ್ರು ಕೊನೇಲಿ ನನ್ನ ವಿಷ್ಯ ಏನೋ ಅಂದಿದ್ರು, ಈಚೆಗೆ ಮರ್ತೇ ಹೋಗುತ್ತೆ. ತುಂಬಿಸಿದವನು ನೀನಲ್ವಾ, ನೀನೇ ಹೇಳು, ಸಾಕು."

ಎದುರಿಗೆ ಕೂತರೆ ನಾಚುತ್ತಾರೆಂದು ದನಿ ತುಂಬಿಸುವ ಯಂತ್ರ ಇಟ್ಟು ಜಗಲಿಯಲ್ಲಿ ಕಾಯುತ್ತಿದ್ದವನು ಪವಿತ್ರನ್. ಮನೆಗೆ ಒಯ್ದು ಎಷ್ಟು ನಿಮಿಷ, ಡಿಸ್ಕಿನಲ್ಲಿ ಎಷ್ಟು ಜಾಗ, ನಕಲು ಅಸಲಿಗೆ ಸಮವೇ ಎಂದು ನೋಡುತ್ತಿದ್ದ. ಒಂದನ್ನೂ ಪೂರ್ತಿ ಕೇಳಿರಲಿಲ್ಲ.

"ನಾನು ಕೇಳಿಲ್ಲ ಕೌಸೇಚ್ಚಿ" ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು. ಪವಿತ್ರನ್ ಕುರ್ಚಿಯಲ್ಲೇ ಕೂತಿದ್ದ. ಯಂತ್ರ ನಿಲ್ಲದಿರಲಿ ಎಂದು ಆ ಸಾಲು ಬರೆಸಿದ್ದು ನಾನು ಎಂದು ಕೂಗಿ ಹೇಳಬೇಕೆನಿಸಿತು. ಪೊರಕೆ ಎತ್ತಿಕೊಂಡು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ.