ಸರ್ವರ್ ಓದದ ಹೆಸರುಗಳು

ಚೆಂಬೂರಿನ ನಮ್ಮ ಆಫೀಸಿನಲ್ಲಿ ಕಾರ್ಖಾನೆ ಕೆಲಸಗಾರರಿಗಾಗಿ ಸುರಕ್ಷತೆಯ ಕಿರುಪುಸ್ತಕಗಳನ್ನು ಹಲವು ಭಾಷೆಗಳಲ್ಲಿ ಸಿದ್ಧಪಡಿಸುತ್ತಿದ್ದೆವು. ಕನ್ನಡ ನನ್ನ ಪಾಲಿಗೆ, ಮರಾಠಿ ಪಕ್ಕದ ಮೇಜಿನ ಗೆಳತಿಗೆ. ಪ್ರತಿ ಸಂಜೆ ಎಲ್ಲರ ಫೈಲುಗಳೂ ತಾವಾಗಿಯೇ ಒಳಕೋಣೆಯ ಸರ್ವರಿಗೆ ನಕಲಾಗುತ್ತವೆ, ಚಿಂತೆ ಬೇಡ ಎಂದು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಹೇಳಿದ್ದ. ನಂಬಿದ್ದೆ.

ಒಂದು ಸೋಮವಾರ ನನ್ನ ಕಂಪ್ಯೂಟರ್ ಶುರುವಾಗಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಬಾಯ್ಲರ್ ಕೆಲಸದ ಪುಸ್ತಕ ಆ ವಾರವೇ ಅಚ್ಚಿಗೆ ಹೋಗಬೇಕಿತ್ತು. ಆದರೂ ಗಾಬರಿಯಾಗದೆ, ಚಹಾ ಮುಗಿಸಿಯೇ ಒಳಕೋಣೆಗೆ ಹೋದೆ. ಸರ್ವರಿನಲ್ಲಿ ನನ್ನ ಫೋಲ್ಡರ್ ಇತ್ತು. ತೆರೆದರೆ ಒಂದು ರಜೆ ಅರ್ಜಿ, ಪಿಕ್‌ನಿಕ್ಕಿನ ಫೋಟೊ. ಅಷ್ಟೇ.

"ಉಳಿದದ್ದೆಲ್ಲಾ ಎಲ್ಲೈತಿ?" ಅಲ್ಲೇ ಕೂತಿದ್ದ ಆ ಮುಖ್ಯಸ್ಥನನ್ನು ಕೇಳಿದೆ.

ಅವನ ಮನೆಯವರು ಉಡುಪಿ ಕಡೆಯವರು. ಅವನು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ತಡವರಿಸುತ್ತಿತ್ತು. "ಮೇಡಂ, ನಿಮ್ಮ ಫೈಲ್‌ದು ಹೆಸರು ಕನ್ನಡದಲ್ಲಿ ಉಂಟಲ್ಲ? ಬ್ಯಾಕಪ್ ಸಾಫ್ಟ್‌ವೇರ್ ಪುರಾನಾ, ಹಳೇದು. ಅದಕ್ಕೆ ಓದ್ಲಿಕ್ಕೆ ಆಗುದಿಲ್ಲ, ಸ್ಕಿಪ್ ಮಾಡ್ತದೆ."

"ನಿಮಗ ಗೊತ್ತಿತ್ತೇನು?"

"ರೋಜ್ ವಾರ್ನಿಂಗ್ ಬರ್ತದೆ. ನಾನು ಇಗ್ನೋರ್ ಮಾಡಿದೆ. ನೀವು ಇಂಗ್ಲಿಷ್‌ನಲ್ಲಿ ಹೆಸರು ಇಡ್ಬೇಕಿತ್ತು." ಹೀಗೆಂದು ನಕ್ಕುಬಿಟ್ಟ.

ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಕನ್ನಡ ಪುಸ್ತಕಕ್ಕ ಕನ್ನಡದಾಗ ಹೆಸರಿಟ್ಟಿದ್ದು ನನ್ನ ತಪ್ಪೇನ್ರೀ? ದಿನಾ ನೋಡಿ ಬಾಯಿ ಮುಚ್ಕೊಂಡು ಕುಂತವರು ನೀವು!" ನನ್ನ ವಿಜಯಪುರದ ಗಂಟಲು ಹೊರಗಿನ ಹಾಲಿಗೂ ಕೇಳಿಸಿರಬೇಕು. ಪುಸ್ತಕವನ್ನಾದರೆ ಹಳೆಯ ಪ್ರೂಫ್ ನೋಡಿ ಮತ್ತೆ ಟೈಪ್ ಮಾಡಬಹುದು. ಆದರೆ ವರ್ಷಗಟ್ಟಲೆ ಕೂಡಿಸಿದ ಪದಗಳು? ಯಂತ್ರದ ಯಾವ ಭಾಗಕ್ಕೆ ಕೆಲಸಗಾರರು ಏನನ್ನುತ್ತಾರೆಂದು ಅವರಿಗೇ ಫೋನು ಮಾಡಿ, ಕೇಳಿ ಕೇಳಿ ಅದೇ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದೆ. ಅವು ಯಾವ ನಿಘಂಟಿನಲ್ಲೂ ಸಿಗುವಂಥವಲ್ಲ. ಆಮೇಲೆ ಡಿಸ್ಕನ್ನು ರಿಪೇರಿಗೆ ಕಳಿಸಿದರೂ ಏನೂ ಉಳಿಯಲಿಲ್ಲ.

ಅದೇ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರರ ಇಮೇಲ್ ಬಂತು: ಇನ್ನು ಮುಂದೆ ಫೈಲುಗಳ ಹೆಸರು ಇಂಗ್ಲಿಷಿನಲ್ಲೇ ಇರತಕ್ಕದ್ದು. ಅವನ ಬೇಜವಾಬ್ದಾರಿಯ ಬಗ್ಗೆ ಒಂದಕ್ಷರವಿಲ್ಲ. ಅದನ್ನು ಗೆಳತಿಗೆ ತೋರಿಸಿದೆ. ಮರಾಠಿಯಲ್ಲೇ ಹೆಸರಿಡುತ್ತಿದ್ದ ಅವಳು ಅನುಮಾನದಿಂದ ಸರ್ವರಿನಲ್ಲಿ ತನ್ನ ಫೋಲ್ಡರ್ ತೆರೆದಳು. ಅದೂ ಬರಿದು. "ಚಲ, ಆತ್ತಾಚ್," ಎಂದು ಎದ್ದಳು. ಈಗಲೇ ಹೋಗೋಣ ನಡೆ, ಎಂದು.

ಇಬ್ಬರೂ ಮ್ಯಾನೇಜರರ ಕ್ಯಾಬಿನ್ನಿನಲ್ಲಿ ಕೂತೆವು. ಮೀಟಿಂಗ್ ಇದೆ ಎಂದರು, ನಾಳೆ ನೋಡೋಣ ಎಂದರು. ನಾವು ಕದಲಲಿಲ್ಲ. ಕೊನೆಗೆ ಅವರು ನಮ್ಮೆದುರೇ ಹೊಸ ಸಾಫ್ಟ್‌ವೇರಿಗೆ ಒಪ್ಪಿಗೆ ಕೊಟ್ಟು, ಆ ಇಮೇಲನ್ನು ಹಿಂತೆಗೆದುಕೊಂಡರು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಪುಸ್ತಕ ತಡವಾಗಿ ಅಚ್ಚಾಯಿತು. ತಡಕ್ಕೆ ಕಾರಣ ಎಂದು ವರದಿಯಲ್ಲಿ ನನ್ನ ಹೆಸರೇ ಬಂತು.

ಪದಗಳಿಗಾಗಿ ಮತ್ತೆ ಫೋನು ಹಿಡಿದೆ. ಕೆಲವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು, ಕೆಲವರ ನಂಬರೇ ಬದಲಾಗಿತ್ತು. ಅರ್ಧದಷ್ಟೂ ಸಿಗಲಿಲ್ಲ.

ಈಗ ಪ್ರತಿ ಶುಕ್ರವಾರ ಒಳಕೋಣೆಗೆ ಹೋಗಿ, ನನ್ನದೊಂದು ಫೈಲನ್ನು ಸರ್ವರಿನಿಂದ ತೆರೆದು ತೋರಿಸಲು ಹೇಳುತ್ತೇನೆ. ಮೊನ್ನೆ ಅವನು ಮುಖ ಗಂಟಿಕ್ಕಿ ಕೇಳಿದ, "ನನ್ನ ಮೇಲೆ ಭರವಸೆ ಇಲ್ವಾ ಮೇಡಂ?"

"ಇಲ್ಲ," ಎಂದೆ. "ತೆಗೀರಿ ಫೈಲು."